ಕಾರ್ ಶೆಡ್ಡಿನ ಕಾಟಿ

ರೋಬೋಟುಗಳ ಕಾಳಗ ಟಿ.ವಿ.ಯಲ್ಲಿ ನಡೆಯುವುದು ಸಾಮಾನ್ಯವಾಗಿ ಮೂರು ನಿಮಿಷ. ಆ ಮೂರು ನಿಮಿಷಕ್ಕಾಗಿ ಒಂದು ಮನೆಯವರು ತಮ್ಮ ಕಾರನ್ನು ಇಡೀ ಮಳೆಗಾಲ ಬೀದಿಯಲ್ಲಿ ನೆನೆಯಲು ಬಿಟ್ಟಿರುತ್ತಾರೆ ಎಂಬುದನ್ನು ಯಾವ ವಾಹಿನಿಯೂ ತೋರಿಸುವುದಿಲ್ಲವಾದ್ದರಿಂದ, ಆ ಭಾಗವನ್ನು ನಾನೇ ಬರೆಯಬೇಕಾಗಿದೆ.

ತೀರ್ಥಹಳ್ಳಿ ಕಡೆಯ ತೋಟದಲ್ಲಿರುವ ನನ್ನ ಅಣ್ಣನ ಮಗಳು ಇಂಜಿನಿಯರಿಂಗ್ ಓದಲೆಂದು ಶಿವಮೊಗ್ಗದ ವಿನೋಬನಗರದಲ್ಲಿರುವ ನಮ್ಮ ಮನೆಗೆ ಬಂದಾಗ, ಅವಳು ಪುಸ್ತಕ ಬಿಟ್ಟು ತಲೆ ಎತ್ತುವವಳಲ್ಲ ಎಂದು ಅಣ್ಣ ಭರವಸೆ ಕೊಟ್ಟಿದ್ದ. ಅದು ಸುಳ್ಳೇನಲ್ಲ. ಅವಳು ಈಗಲೂ ತಲೆ ಎತ್ತುವುದಿಲ್ಲ, ಆದರೆ ತಗ್ಗಿಸಿದ ತಲೆಯ ಮುಂದೆ ಇರುವುದು ಪುಸ್ತಕವಲ್ಲ, ಕಬ್ಬಿಣ ಉಜ್ಜುವ ಗ್ರೈಂಡರ್. ಅವಳೊಂದಿಗೆ ಮೂವರು ಹುಡುಗರು, ನಾಲ್ವರಿಗೂ ಸೇರಿ ಒಂದೇ ಜೊತೆ ಕೈಗವಸು, ಮತ್ತು ನಮ್ಮ ಕಾರ್ ಶೆಡ್ಡು. ತಾವು ಕಟ್ಟುತ್ತಿದ್ದ ಯಂತ್ರಕ್ಕೆ ಅವರು ‘ಕಾಟಿ’ ಎಂದು ಹೆಸರಿಟ್ಟಿದ್ದರು. ಕಾಟಿ ಅಂದರೆ ಕಾಡುಕೋಣ. ಅದು ತೋಟಕ್ಕೆ ನುಗ್ಗಿದ ಮೇಲೆ ಏನು ಉಳಿಯುತ್ತದೆ ಎಂಬುದನ್ನು ಕಂಡ ಮಲೆನಾಡಿಗರು ತಮ್ಮ ಮನೆಯಲ್ಲಿ ಕಟ್ಟಿದ ವಸ್ತುವಿಗೆ ಆ ಹೆಸರಿಡಲು ಹಿಂದೆಮುಂದೆ ನೋಡಬೇಕಿತ್ತು.

ಈ ಹುಚ್ಚು ಹುಟ್ಟಿದ್ದು ನಮ್ಮೂರಿನಲ್ಲಲ್ಲ ಎಂಬುದೊಂದೇ ಸಮಾಧಾನ. 1994ರಲ್ಲಿ ಮಾರ್ಕ್ ಥಾರ್ಪ್ ಎಂಬವರು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಆರಂಭಿಸಿದ ‘ರೋಬೋಟ್ ವಾರ್ಸ್’ 1998ರಲ್ಲಿ ಬಿಬಿಸಿಯ ಪರದೆಗೆ ಬಂತು. ಅದೇ ಬಗೆಯ ‘ಬ್ಯಾಟಲ್‌ಬಾಟ್ಸ್’ ಎಂಬ ಇನ್ನೊಂದು ಸ್ಪರ್ಧೆ 2000ದಲ್ಲಿ ಅಮೆರಿಕದ ಟಿ.ವಿ.ಗೂ ಹತ್ತಿತು. ನಮ್ಮಲ್ಲಿ ಐಐಟಿ ಬಾಂಬೆಯ ಟೆಕ್‌ಫೆಸ್ಟ್‌ನಂಥ ಕಾಲೇಜು ಉತ್ಸವಗಳು ಇದನ್ನು ಸಾಕಿ ಬೆಳೆಸಿದವು. ಊಟದ ಹೊತ್ತಿಗೆ ಧಾರಾವಾಹಿಯ ಜಾಗದಲ್ಲಿ ಇವೇ ಹಳೆಯ ಕಾಳಗಗಳು ಓಡತೊಡಗಿದ ಮೇಲೆ, 2016ರಲ್ಲಿ ಗೆದ್ದ ‘ಟೂಂಬ್‌ಸ್ಟೋನ್’ ಹೆಚ್ಚೋ, 2015, 2018 ಮತ್ತು 2019ರಲ್ಲಿ ಗೆದ್ದ ‘ಬೈಟ್ ಫೋರ್ಸ್’ ಹೆಚ್ಚೋ ಎಂದು ನನ್ನ ಹೆಂಡತಿ ಸಾರು ಬಡಿಸುವುದನ್ನೂ ಮರೆತು ವಾದಿಸುವಷ್ಟು ಪರಿಣತಳಾದಳು. ಅಮ್ಮನಿಗೆ ಮಾತ್ರ ಹಿಡಿಸಿದ್ದು ಬ್ರಿಟಿಷ್ ಕಾರ್ಯಕ್ರಮದ ‘ಸರ್ ಕಿಲ್ಲಲಾಟ್’. ಅದು ಸ್ಪರ್ಧಿಯೇ ಅಲ್ಲ. ಅಖಾಡದ ಮೂಲೆಯಲ್ಲಿ ತನ್ನ ಪಾಡಿಗೆ ನಿಂತಿದ್ದು, ತನ್ನ ಗಡಿಯೊಳಗೆ ಬಂದವರಿಗೆ ಇಕ್ಕುವ, ಕಾರ್ಯಕ್ರಮದವರದೇ ಆದ ‘ಮನೆಯ ರೋಬೋಟು’. “ಇವೆಲ್ಲದರಲ್ಲಿ ಮರ್ಯಾದಸ್ಥ ಅಂದ್ರೆ ಅದೊಂದೇ ನೋಡು” ಎಂದು ಅಮ್ಮ ತೀರ್ಪು ಕೊಟ್ಟರು.

ಆ ಅಮೆರಿಕದ ಯಂತ್ರಗಳು 250 ಪೌಂಡು, ಅಂದರೆ ಸುಮಾರು 113 ಕಿಲೋ ತೂಗುತ್ತವೆ. ನಮ್ಮ ಕಾಟಿ ಸೇರಬೇಕಿದ್ದುದು 30 ಕಿಲೋ ವಿಭಾಗಕ್ಕೆ. ಮುಂಭಾಗದಲ್ಲಿ ಎರಡು ಹಲ್ಲಿನ ಉಕ್ಕಿನ ಚಕ್ರ ನೆಟ್ಟಗೆ ನಿಂತು, ಕೆಳಗಿನಿಂದ ಮೇಲಕ್ಕೆ ತಿರುಗಿ, ಎದುರಾಳಿಯನ್ನು ನೆಲದಿಂದ ಕಿತ್ತೆಸೆಯಬೇಕು ಎಂಬುದು ಯೋಜನೆ. ಇಂಥ ಚಕ್ರ ವೇಗ ಹಿಡಿದ ಮೇಲೆ ಬುಗುರಿಗಿರುವ ಹಠವೇ ಅದಕ್ಕೂ ಬರುವುದರಿಂದ, ಯಂತ್ರ ಥಟ್ಟನೆ ಎಡಕ್ಕೋ ಬಲಕ್ಕೋ ಹೊರಳಿದರೆ ಒಂದು ಬದಿಯ ಗಾಲಿ ನೆಲ ಬಿಟ್ಟು ಮೇಲೇಳುತ್ತದೆ. ಶೆಡ್ಡಿನಲ್ಲಿ ಕಾಟಿ ಒಂದು ಕಾಲೆತ್ತಿಕೊಂಡು ನಿಂತಾಗಲೆಲ್ಲ ನಮ್ಮ ಬೀದಿಯ ನಾಯಿ ಗೇಟಿನಾಚೆಯಿಂದ ಅದನ್ನು ಬಹಳ ಹೊತ್ತು ದಿಟ್ಟಿಸುತ್ತಿತ್ತು.

ಚಕ್ರದ ಹಲ್ಲುಗಳ ವಿಷಯದಲ್ಲಿ ಭದ್ರಾವತಿ ನೆರವಿಗೆ ಬಂತು. 1923ರಿಂದ ದಶಕಗಳ ಕಾಲ ಕಬ್ಬಿಣ ಕರಗಿಸಿದ ಊರಿನಲ್ಲಿ ನಿವೃತ್ತ ಕೆಲಸಗಾರರಿಗೆ ಕೊರತೆಯಿಲ್ಲ. ಅಂಥ ಹಿರಿಯರೊಬ್ಬರು ಹುಡುಗರು ತಂದ ಹಲ್ಲನ್ನು ಉಗುರಿನಿಂದ ಮೀಟಿ, ಕಿವಿಯ ಹತ್ತಿರ ಹಿಡಿದು, “ಇನ್ನೂ ಗಟ್ಟಿ ಮಾಡಿದ್ರೆ ಹೊಡೆತಕ್ಕೆ ಚೂರಾಗ್ತದೆ, ಹೀಗೇ ಬಿಟ್ರೆ ಮಡಚ್ಕೊಳ್ತದೆ. ಕಾಯಿಸಿ ಅದ್ದಿ, ಮತ್ತೆ ಸ್ವಲ್ಪ ಕಾಯಿಸಿ ಹದ ಮಾಡ್ಬೇಕು” ಎಂದರು. ಕಾಲೇಜಿನಲ್ಲಿ ಒಂದು ಸೆಮಿಸ್ಟರ್ ಪೂರ್ತಿ ಓದಿಯೂ ಅರ್ಥವಾಗದ ಪಾಠ ಅದು ಎಂದು ಹುಡುಗರು ದಾರಿಯುದ್ದಕ್ಕೂ ಹೇಳಿಕೊಂಡು ಬಂದರಂತೆ. ಶುಲ್ಕ ಕಟ್ಟಿದವರು ಕೇಳಿಸಿಕೊಳ್ಳಬಾರದ ಮಾತು.

ಇನ್ನು ಬ್ಯಾಟರಿ. ಲಿಥಿಯಂ ಪಾಲಿಮರ್ ಎಂಬ ಆರು ಕೋಶಗಳ ಈ ವಸ್ತು 22.2 ವೋಲ್ಟಿನದು. ಪೂರ್ತಿ ತುಂಬಿದಾಗ ಒಂದೊಂದು ಕೋಶವೂ 4.2 ವೋಲ್ಟಿಗೆ ಬಂದು ನಿಲ್ಲಬೇಕು, ಅದಕ್ಕಿಂತ ಮೇಲೇರಿದರೆ ಬೆಂಕಿಯ ಭಯ. ಆದ್ದರಿಂದ ಚಾರ್ಜಿಗೆ ಹಾಕಿದವರು ಪಕ್ಕದಲ್ಲೇ ಕಾದು ಕೂರಬೇಕು, ಬಳಿಯಲ್ಲಿ ಮರಳಿನ ಬಕೆಟ್ ಇರಬೇಕು. ಜುಲೈ ತಿಂಗಳಿನಲ್ಲಿ ಶಿವಮೊಗ್ಗದಲ್ಲಿ ಒಣಗಿದ ಮರಳು ಎಲ್ಲಿ ಸಿಗುತ್ತದೆ? ಹೆಂಡತಿಯ ಬಾಣಲೆಯಲ್ಲಿ ಮರಳು ಹುರಿದರು. ಆ ಬಾಣಲೆಯಲ್ಲಿ ಆಮೇಲೆ ಮಾಡಿದ ಒಗ್ಗರಣೆಯೆಲ್ಲ ತುಂಗೆಯ ದಂಡೆಯಲ್ಲಿ ಕೂತು ಉಂಡ ಅನುಭವ ಕೊಟ್ಟಿತು.

ಹಪ್ಪಳದ ಪ್ರಸಂಗವನ್ನು ಹೇಳದೆ ಮುಂದೆ ಹೋಗುವಂತಿಲ್ಲ. ರಿಮೋಟಿನ ಸಂಪರ್ಕ ತಪ್ಪಿದೊಡನೆ ರೋಬೋಟು ತಾನಾಗಿ ನಿಂತುಬಿಡಬೇಕೆಂಬುದು ಈ ಸ್ಪರ್ಧೆಗಳ ಮೊದಲ ಕಟ್ಟಳೆ. ಅದಕ್ಕೆ ಫೇಲ್‌ಸೇಫ್ ಎನ್ನುತ್ತಾರೆ. ಅದನ್ನು ಸರಿಯಾಗಿ ಹೊಂದಿಸದಿದ್ದರೆ ಯಂತ್ರ ತನಗೆ ಕೊನೆಯದಾಗಿ ಬಂದ ಆಜ್ಞೆಯನ್ನೇ ಶಿರಸಾವಹಿಸಿ ಪಾಲಿಸುತ್ತಿರುತ್ತದೆ. ಮೇ ತಿಂಗಳ ಒಂದು ಮಧ್ಯಾಹ್ನ, ಅದೃಷ್ಟಕ್ಕೆ ಚಕ್ರವನ್ನು ಬಿಚ್ಚಿಟ್ಟಿದ್ದಾಗ, ಒಬ್ಬ ಹುಡುಗ ಪರೀಕ್ಷೆಗೆಂದು ರಿಮೋಟು ಆರಿಸಿದ. ಕಾಟಿಗೆ ಕೊನೆಯದಾಗಿ ಬಂದಿದ್ದ ಆಜ್ಞೆ ‘ಮುಂದಕ್ಕೆ’ ಎಂಬುದಾಗಿತ್ತು. ಅದು ಶೆಡ್ಡು ದಾಟಿ, ತುಳಸಿಕಟ್ಟೆಯನ್ನು ಸವರಿ, ಅಮ್ಮ ಹಲಸಿನ ಹಪ್ಪಳ ಒಣಗಿಸಿದ್ದ ಚಾಪೆಯ ಅಂಚನ್ನು ಗಾಲಿಗೆ ಸುತ್ತಿಕೊಂಡು, ಹಪ್ಪಳಗಳ ಸಮೇತ ಅದನ್ನು ಎಳೆದುಕೊಂಡು ಅಂಗಳ ಸುತ್ತತೊಡಗಿತು. ಕಾಗೆ ಓಡಿಸುವ ಕೋಲು ಹಿಡಿದು ಕಾವಲು ಕೂತಿದ್ದ ಅಮ್ಮ ಕೋಲು ಬೀಸಿಕೊಂಡು ಅದರ ಬೆನ್ನಟ್ಟಿದರು. ಅಮ್ಮನ ಹಿಂದೆ ರಿಮೋಟು ಹಿಡಿದ ಹುಡುಗ, ಅವನ ಹಿಂದೆ “ಅಜ್ಜೀ, ಹೊಡೀಬೇಡಿ, ರಿಸೀವರ್ ಹೋಗ್ತದೆ!” ಎಂದು ಕೂಗುತ್ತ ನನ್ನ ಅಣ್ಣನ ಮಗಳು. ಕೊನೆಗೆ ಕಾಟಿ ಕಾಂಪೌಂಡ್ ಗೋಡೆಗೆ ಹಣೆಯೊತ್ತಿ ನಿಂತು, ಗಾಲಿಗಳನ್ನು ಮಾತ್ರ ತಿರುಗಿಸುತ್ತಿತ್ತು. ಆ ವರ್ಷದ ಹಪ್ಪಳಗಳಲ್ಲಿ ಕೆಲವಕ್ಕೆ ಟೈರಿನ ಗುರುತು ಬಿದ್ದಿತ್ತು. ಅಂಥವನ್ನು ಅಮ್ಮ ಪ್ರತ್ಯೇಕ ಡಬ್ಬಿಯಲ್ಲಿಟ್ಟು ತಂಡದವರಿಗಷ್ಟೇ ಕರಿದು ಬಡಿಸಿದರು.

ತೂಕ ನೋಡುವ ಹೊಣೆ ನನ್ನ ಮೇಲೆ ಬಿತ್ತು, ಏಕೆಂದರೆ ನಾನು ಅಡಿಕೆ ಮಂಡಿಯೊಂದರಲ್ಲಿ ಲೆಕ್ಕ ಬರೆಯುವವನು. ಗೋಣಿಚೀಲದಲ್ಲಿ ಸುತ್ತಿದ ಕಾಟಿಯನ್ನು ಮಂಡಿಯ ತಕ್ಕಡಿಯ ಮೇಲಿಟ್ಟಾಗ, ಹಮಾಲರೊಬ್ಬರು ಚೀಲ ತಟ್ಟಿ ನೋಡಿ, “ಇದೇನ್ ಸ್ವಾಮಿ, ರಾಶಿಯಾ, ಬೆಟ್ಟೆಯಾ?” ಎಂದು ಅಡಿಕೆಯ ಬಗೆ ಕೇಳಿದರು. 30 ಕಿಲೋ 640 ಗ್ರಾಂ ಎಂದು ತೋರಿಸಿತು. ಅಡಿಕೆಯಾದರೆ ಹೆಚ್ಚಾದಷ್ಟೂ ಸಂತೋಷ, ಇಲ್ಲಿ ಹತ್ತು ಗ್ರಾಂ ಮೀರಿದರೂ ಅಖಾಡಕ್ಕೆ ಪ್ರವೇಶವಿಲ್ಲ. ಆ ರಾತ್ರಿಯಿಡೀ ತಳದ ತಗಡಿಗೆ ತೂತು ಕೊರೆದರು. ಬೆಳಗ್ಗೆ ನೋಡಿದರೆ ಅದು ಬೋಂಡ ಎತ್ತುವ ಜಾಲರಿಯಾಗಿತ್ತು. ಅಷ್ಟಾದರೂ ಉಳಿದ ಚೂರುಪಾರನ್ನು ಕಳೆಯಲು ಉದ್ದ ಬೋಲ್ಟುಗಳ ಬಾಲ ಕತ್ತರಿಸಿದರು, ವೈರುಗಳನ್ನು ಮೊಟಕುಗೊಳಿಸಿದರು, ‘ಕಾಟಿ’ ಎಂದು ದಪ್ಪಗೆ ಬಳಿದಿದ್ದ ಬಣ್ಣವನ್ನೂ ಕೆರೆದರು.

ಬೆಂಗಳೂರಿನಲ್ಲಿ ನಡೆದ ಟಿ.ವಿ. ಸ್ಪರ್ಧೆಯ ಚಿತ್ರೀಕರಣಕ್ಕೆ ನಾನೂ ಹೋಗಿದ್ದೆ. ಪಾಲಿಕಾರ್ಬೊನೇಟ್ ಎಂಬ ಪಾರದರ್ಶಕ ಪ್ಲಾಸ್ಟಿಕ್ಕಿನ ದಪ್ಪನೆಯ ಹಾಳೆಗಳ ಪಂಜರ, ಕಣ್ಣು ಕುಕ್ಕುವ ದೀಪ, ಮತ್ತು ಬೆಳಗಿನಿಂದ ಸಂಜೆಯವರೆಗೆ ಕಾಯುವುದು. ಎದುರಾಳಿಯನ್ನು ನುಂಗುವಂತೆ ನೋಡಬೇಕೆಂದು ಕ್ಯಾಮೆರಾದವರು ಅಣ್ಣನ ಮಗಳಿಗೆ ಹೇಳಿದರು. ಆದರೆ ಎದುರಾಳಿ ತಂಡದವರು ಅದೇ ಬೆಳಗ್ಗೆ ಇವರಿಗೆ ತಮ್ಮ ಬೇರಿಂಗ್ ಕೊಟ್ಟು ಕಾಪಾಡಿದ್ದರಿಂದ, ಅವಳ ಮುಖದಲ್ಲಿ ಎಷ್ಟು ಮಾಡಿದರೂ ಕೃತಜ್ಞತೆಯೇ ಮೂಡುತ್ತಿತ್ತು. ಕಾಳಗವೇನೋ ಚೆನ್ನಾಗಿಯೇ ಶುರುವಾಯಿತು. ಮೊದಲ ಹೊಡೆತಕ್ಕೆ ಎದುರಿನದು ಮೇಲೆ ಹಾರಿತು, ಅದೇ ಹೊಡೆತದ ಮರುಪೆಟ್ಟಿಗೆ ನಮ್ಮದೂ ಮಗುಚಿ ಬಿತ್ತು. ಮಗುಚಿದರೂ ಓಡುವಂತೆ ಗಾಲಿಗಳನ್ನು ದೊಡ್ಡದಾಗಿ ಇಟ್ಟಿದ್ದರಿಂದ ಚಿಂತೆಯಿರಲಿಲ್ಲ. ಆದರೆ ಬ್ಯಾಟರಿಯ ಸಂಪರ್ಕಕ್ಕೆಂದು ಸಿಕ್ಕಿಸುವ, ಹೆಬ್ಬೆರಳಿನಷ್ಟು ದೊಡ್ಡ ಲಿಂಕ್ ಎಂಬ ತುಂಡು ಆ ಕುಲುಕಿಗೆ ಕಳಚಿಕೊಂಡಿತ್ತು. ತೀರ್ಪುಗಾರರು ಹತ್ತರವರೆಗೆ ಎಣಿಸಿದರೂ ಕಾಟಿ ಅಲುಗದ್ದರಿಂದ ಸೋತೆವು. ಹೊರಗೆ ತಂದು ಲಿಂಕ್ ಸಿಕ್ಕಿಸಿದ ಮರುಕ್ಷಣ ಕಾಟಿ ಏನೂ ಆಗಿಯೇ ಇಲ್ಲವೆಂಬಂತೆ ಗಾಲಿ ತಿರುಗಿಸಿತು.

ಪ್ರಸಾರದ ರಾತ್ರಿ ನಮ್ಮ ಹಾಲಿನಲ್ಲಿ ಕೂರಲು ಜಾಗವಿರಲಿಲ್ಲ. ಕಾಳಗಕ್ಕಿಂತ ಹೆಚ್ಚು ಹೊತ್ತು ಪರದೆಯ ಮೇಲಿದ್ದವನು ನಾನೇ. ಪಾರ್ಕಿಂಗ್ ಶುಲ್ಕ ಎಷ್ಟೆಂದು ಪಕ್ಕದವರು ಹೇಳಿದಾಗ ನಾನು ತಲೆಯ ಮೇಲೆ ಕೈಹೊತ್ತು ಕೂತಿದ್ದ ದೃಶ್ಯವನ್ನು, ಕಾಟಿ ಬಿದ್ದ ಕ್ಷಣಕ್ಕೆ ಸೇರಿಸಿ, ಹಿಂದೆ ಶೋಕಗೀತೆ ನುಡಿಸಿ, ನಿಧಾನಗತಿಯಲ್ಲಿ ತೋರಿಸಿದ್ದರು. ಸಾಗರದಿಂದ ಶೃಂಗೇರಿಯವರೆಗಿನ ನೆಂಟರು ಫೋನು ಮಾಡಿ ಸಮಾಧಾನ ಹೇಳಿದರು.

ಅಣ್ಣ ಮಾತ್ರ, “ಇಷ್ಟೆಲ್ಲ ಮಾಡೋರು ಅಡಿಕೆ ಮರ ಹತ್ತಿ ಕೊನೆ ಕೊಯ್ಯೋ ಯಂತ್ರ ಒಂದು ಮಾಡ್ಕೊಡಬಾರದೇನೇ? ಕೊನೆಗಾರರು ಸಿಗೋದಿಲ್ಲ ಈಗ” ಎಂದು ಮಗಳನ್ನು ಕೇಳಿದ. ಅವಳು ರಜೆಗೆ ಹೋದವಳು ಮರಗಳ ಸುತ್ತಳತೆ ತೆಗೆದುಕೊಂಡು, ನಕ್ಷೆಯನ್ನೂ ಬರೆದಿದ್ದಾಳೆ. ಎಲ್ಲ ಸರಿಯಾಗಿದೆ, ಆದರೆ ಹತ್ತುವ ಯಂತ್ರದ ಮುಂಭಾಗದಲ್ಲೂ ಎರಡು ಹಲ್ಲಿನ ಚಕ್ರವೊಂದು ಇರಲೇಬೇಕೆಂದು ತಂಡ ಹಠ ಹಿಡಿದಿರುವುದರಿಂದ, ಯಾವ ಮರಕ್ಕೆ ಮೊದಲು ಹತ್ತಿಸುವುದೆಂದು ಅಣ್ಣ ಇನ್ನೂ ಹೇಳಿಲ್ಲ.