ಕುಡಿತದ ಸಂಶೋಧಕರಿಗೆ ಮೊದಲು ಅಳೆಯಲು ಕಲಿಸಿ

ಮದ್ಯಪಾನದ ಮೇಲೆ ಸಂಶೋಧನೆ ಮಾಡಲು ಬರುವ ಹೊಸಬರಿಗೆ ಶುರುವಿನಲ್ಲೇ ಸಂಖ್ಯಾಶಾಸ್ತ್ರದ ಸಾಫ್ಟ್‌ವೇರ್ ಹಿಡಿಸುವುದು ತಪ್ಪು ಎಂದೇ ನನ್ನ ಅಭಿಪ್ರಾಯ. ಗರ್ಭದ ಶಿಶುವಿನಿಂದ ಹಿಡಿದು ಎಂಬತ್ತು ದಾಟಿದವರ ತನಕ ಮದ್ಯ ಒಂದೊಂದು ವಯಸ್ಸಿನಲ್ಲಿ ಒಂದೊಂದು ರೀತಿ ಕೆಲಸ ಮಾಡುತ್ತದೆ. ಆಯಾ ವಯಸ್ಸಿಗೆ ತಕ್ಕಂತೆ ಅದನ್ನು ಅಳೆಯಲು ಬಾರದಿದ್ದರೆ ಎಂಥ ಮಾಡೆಲ್ ಓಡಿಸಿದರೂ ವ್ಯರ್ಥ.

"ನಿನ್ನೆ ಎಷ್ಟು ಕುಡಿದಿರಿ?" ಎಂದು ಕೇಳಿದರೆ "ಎರಡು ಕ್ಯಾನ್ ಬಿಯರ್" ಎಂಬ ಉತ್ತರ ಬಂತು ಅಂದುಕೊಳ್ಳಿ. 500 ಮಿಲಿಯ ಕ್ಯಾನ್, ಶೇ. 5 ಆಲ್ಕೋಹಾಲ್ ಆದರೆ ಅದರಲ್ಲಿ 25 ಮಿಲಿ ಎಥನಾಲ್ (ಶುದ್ಧ ಆಲ್ಕೋಹಾಲ್), ಸಾಂದ್ರತೆ 0.789ರಿಂದ ಗುಣಿಸಿದರೆ ಸುಮಾರು 19.7 ಗ್ರಾಂ. ಅದೇ ಅಳತೆಯ ಶೇ. 8ರ ಕ್ಯಾನ್‌ನಲ್ಲಿ 31.6 ಗ್ರಾಂ. ಎರಡು ಕ್ಯಾನ್ ಅಂದರೆ 39 ಗ್ರಾಂ ಇರಬಹುದು, 63 ಗ್ರಾಂ ಕೂಡ ಇರಬಹುದು. ಇದರ ಮೇಲೆ 'ಸ್ಟ್ಯಾಂಡರ್ಡ್ ಡ್ರಿಂಕ್', ಅಂದರೆ ಒಂದು ಡ್ರಿಂಕ್‌ಗೆ ಎಷ್ಟು ಗ್ರಾಂ ಆಲ್ಕೋಹಾಲ್ ಎಂಬ ಲೆಕ್ಕದ ಗೊಂದಲ ಬೇರೆ: ಬ್ರಿಟನ್ನಿನ ಯೂನಿಟ್ 8 ಗ್ರಾಂ, ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ 10 ಗ್ರಾಂ, ಅಮೆರಿಕದ್ದು 14 ಗ್ರಾಂ. ಆದ್ದರಿಂದ ಗಾತ್ರ, ಶೇಕಡಾವಾರು, ಉಳಿಸಿದ್ದೆಷ್ಟು ಎಂಬ ಮೂರನ್ನೂ ಬೇರೆಬೇರೆ ಕಾಲಂನಲ್ಲಿ ಬರೆಸಿ. ಡ್ರಿಂಕ್‌ಗೆ ಪರಿವರ್ತಿಸಿದ ಅಂಕಿಯನ್ನಷ್ಟೇ ಇಟ್ಟುಕೊಂಡರೆ ಮುಂದೆ ಇನ್ನೊಂದು ದೇಶದ ಡೇಟಾ ಜೊತೆ ಹೋಲಿಸುವಾಗ ಹಿಂದಕ್ಕೆ ಹೋಗಲು ದಾರಿಯೇ ಇರುವುದಿಲ್ಲ.

ನೆನಪಿನ ಸಮಸ್ಯೆ ಇದಕ್ಕಿಂತ ದೊಡ್ಡದು. "ಸಾಮಾನ್ಯವಾಗಿ ಎಷ್ಟು?" ಎಂದು ಕೇಳಿದರೆ ಜನ ವಿಪರೀತ ಕುಡಿದ ದಿನಗಳನ್ನು ಬಿಟ್ಟು ಹೇಳುತ್ತಾರೆ. ಟೈಮ್‌ಲೈನ್ ಫಾಲೋಬ್ಯಾಕ್ ಎಂಬ ಕ್ಯಾಲೆಂಡರ್ ವಿಧಾನ ಇರುವುದೇ ಇದಕ್ಕೆ. ಮೊದಲು ಹಬ್ಬ, ಪರೀಕ್ಷೆ, ಸಂಬಳದ ದಿನ, ಮದುವೆ ಇವನ್ನೆಲ್ಲ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಸಬೇಕು, ಆಮೇಲೆ ನಿನ್ನೆಯಿಂದ ಒಂದೊಂದೇ ದಿನ ಹಿಂದಕ್ಕೆ ಹೋಗಬೇಕು. ಕುಡಿಯದ ದಿನಕ್ಕೆ ಸೊನ್ನೆ ಬರೆಯಲೇಬೇಕು. ಖಾಲಿ ಬಿಟ್ಟ ಚೌಕ ಸೊನ್ನೆಯೋ ಮರೆವೋ ಎಂದು ಆಮೇಲೆ ಯಾರಿಗೂ ಗೊತ್ತಾಗುವುದಿಲ್ಲ. ಮೊದಲ ಬಾರಿ ಕುಡಿದದ್ದು ಯಾವ ವಯಸ್ಸಿನಲ್ಲಿ ಎಂಬ ಉತ್ತರವೂ ವರ್ಷ ಕಳೆದಂತೆ ಮುಂದಕ್ಕೆ ಜಾರುತ್ತದೆ: ಹದಿನೈದರಲ್ಲಿ "ಹದಿಮೂರು" ಎಂದವರು ಇಪ್ಪತ್ತೈದರಲ್ಲಿ "ಹದಿನಾರು" ಎನ್ನಬಹುದು. ಕಳೆದ ವರ್ಷ ಕುಡಿದಿದ್ದೇನೆ ಎಂದ ಹುಡುಗ ಈ ವರ್ಷ "ಯಾವತ್ತೂ ಮುಟ್ಟಿಲ್ಲ" ಎನ್ನುವುದೂ ಉಂಟು. ಇದನ್ನು ತಿದ್ದಲು ಹೋಗಬಾರದು, ಎರಡೂ ಉತ್ತರ ದಾಖಲೆಯಲ್ಲಿ ಉಳಿಯಬೇಕು.

ಒಂದೇ ಪ್ರಶ್ನೆಗೆ ಎಲ್ಲ ವಯಸ್ಸಿನಲ್ಲೂ ಒಂದೇ ಅರ್ಥ ಇರುವುದಿಲ್ಲ ಎಂಬುದು ಹೊಸಬರಿಗೆ ಬೇಗ ತಲೆಗೆ ಹೋಗುವುದಿಲ್ಲ. ಅಮೆರಿಕದ ಮನೋವೈದ್ಯರ ರೋಗನಿರ್ಣಯ ಕೈಪಿಡಿಯಾದ 2013ರ ಡಿಎಸ್ಎಂ-5 ಪ್ರಕಾರ ಮದ್ಯಬಳಕೆಯ ಕಾಯಿಲೆಗೆ 11 ಮಾನದಂಡ, ಹನ್ನೆರಡು ತಿಂಗಳೊಳಗೆ ಎರಡು ಕಂಡುಬಂದರೂ ರೋಗನಿರ್ಣಯ ಮಾಡಬಹುದು. ಅದರಲ್ಲೊಂದು, ಮೊದಲಿನಷ್ಟು ಕುಡಿದರೆ ಸಾಲದಾಗುವುದು. ಆಗಷ್ಟೇ ಕುಡಿಯಲು ಶುರು ಮಾಡಿದ ಹದಿಹರೆಯದವರಲ್ಲಿ ಬಹಳಷ್ಟು ಮಂದಿ ಇದಕ್ಕೆ "ಹೌದು" ಎನ್ನುತ್ತಾರೆ, ಏಕೆಂದರೆ ಕಲಿಯುವ ಹಂತದಲ್ಲಿ ಪ್ರಮಾಣ ಏರುವುದು ಸಹಜ. ಐವತ್ತರ ವ್ಯಕ್ತಿಯ "ಹೌದು" ಬೇರೆಯೇ ಕಥೆ. ಹಾಗಾಗಿ ಪ್ರಶ್ನಾವಳಿ ಹಂಚುವ ಮೊದಲು ಆ ವಯಸ್ಸಿನ ಕೆಲವರನ್ನು ಕೂರಿಸಿಕೊಂಡು, ಪ್ರಶ್ನೆ ಏನು ಕೇಳುತ್ತಿದೆ ಎಂದು ಅವರ ಮಾತಿನಲ್ಲೇ ಹೇಳಿಸಬೇಕು.

ಮಿತಿಗಳೂ ಅಷ್ಟೇ. ಎರಡು ಗಂಟೆಯೊಳಗೆ ಗಂಡಸರಿಗೆ ಐದು, ಹೆಂಗಸರಿಗೆ ನಾಲ್ಕು ಡ್ರಿಂಕ್ ಆದರೆ ವಿಪರೀತ ಕುಡಿತ ಎಂಬ ಅಮೆರಿಕದ ಮಿತಿ ವಯಸ್ಕರದ್ದು. ಹನ್ನೆರಡರ ಮಗು ಮೂರಕ್ಕೇ ರಕ್ತದಲ್ಲಿ ಅದೇ ಆಲ್ಕೋಹಾಲ್ ಮಟ್ಟ ಮುಟ್ಟಬಹುದು. ವಯಸ್ಸಾದವರ ಮೈಯಲ್ಲಿ ನೀರಿನಂಶ ಕಡಿಮೆ, ಜೊತೆಗೆ ನಿದ್ದೆಗೋ ನೋವಿಗೋ ತೆಗೆದುಕೊಳ್ಳುವ ಮಾತ್ರೆ ಇರುತ್ತದೆ. ಹಳೇ ಪ್ರಮಾಣವೇ ಅವರನ್ನು ಕೆಡವುತ್ತದೆ.

ರಕ್ತಪರೀಕ್ಷೆ ಇದೆಯಲ್ಲ ಎನ್ನುವವರಿಗೆ: ಉಸಿರಿನ ಪರೀಕ್ಷೆ ಕೆಲವು ಗಂಟೆಗಳ ಮಾತು. ಆಲ್ಕೋಹಾಲ್‌ನಿಂದ ಮೈಯಲ್ಲಿ ಉಂಟಾಗುವ ಈಥೈಲ್ ಗ್ಲುಕುರೊನೈಡ್ ಎಂಬ ವಸ್ತು ಮೂತ್ರದಲ್ಲಿ ಕೆಲವು ದಿನ ಸಿಗುತ್ತದೆ, ಆದರೆ ಆಲ್ಕೋಹಾಲ್ ಇರುವ ಮೌತ್‌ವಾಶ್‌ನಿಂದಲೂ ಸುಳ್ಳು ಸುಳಿವು ಬರಬಹುದು. ರಕ್ತದಲ್ಲಿ ಅಂಥದೇ ಇನ್ನೊಂದು ವಸ್ತು, ಫಾಸ್ಫಟಿಡೈಲ್‌ಎಥನಾಲ್, ಎರಡರಿಂದ ನಾಲ್ಕು ವಾರದ ಕುಡಿತ ತೋರಿಸುತ್ತದೆ. ಯಾವುದೂ ಹತ್ತು ವರ್ಷದ ಹಿಂದಿನದನ್ನು ಹೇಳುವುದಿಲ್ಲ.

ಇಷ್ಟಾದ ಮೇಲೆ ಕಾರಣದ ಪ್ರಶ್ನೆ. ಹದಿನೈದರ ಒಳಗೆ ಕುಡಿಯಲು ಶುರು ಮಾಡಿದವರಲ್ಲಿ ಮುಂದೆ ಅವಲಂಬನೆ ಹೆಚ್ಚು ಎಂಬುದು ನಿಜ. ಆದರೆ ಬೇಗ ಶುರು ಮಾಡಿದ್ದೇ ಕಾರಣವೋ, ಮನೆಯ ಪರಿಸರ ಮತ್ತು ವಂಶವಾಹಿ ಎರಡಕ್ಕೂ ಕಾರಣವೋ? ಅವಳಿಗಳನ್ನೋ ಒಡಹುಟ್ಟಿದವರನ್ನೋ ಹೋಲಿಸದೆ ಬೇರ್ಪಡಿಸುವುದು ಕಷ್ಟ. "ಸ್ವಲ್ಪ ಕುಡಿಯುವವರು ಕುಡಿಯದವರಿಗಿಂತ ಆರೋಗ್ಯವಂತರು" ಎಂಬ ವಾದದಲ್ಲೂ ಇಂಥದೇ ತೊಡಕು: ಕಾಯಿಲೆ ಬಂದು ಕುಡಿತ ಬಿಟ್ಟವರನ್ನು 'ಕುಡಿಯದವರು' ಎಂಬ ಗುಂಪಿಗೆ ಸೇರಿಸಿದರೆ ಆ ಗುಂಪು ರೋಗಿಷ್ಟವಾಗಿ ಕಾಣುವುದು ಸಹಜ. ಜೀವನದಲ್ಲೇ ಕುಡಿಯದವರು, ಬಿಟ್ಟವರು ಎಂದು ಎರಡು ಪ್ರತ್ಯೇಕ ಪೆಟ್ಟಿಗೆ ಪ್ರಶ್ನಾವಳಿಯಲ್ಲೇ ಇರಬೇಕು.

ನೈತಿಕತೆಯನ್ನು ಒಂದು ಸಹಿಯ ಹಾಳೆಯಲ್ಲಿ ಮುಗಿಸುವುದನ್ನು ನಾನು ಒಪ್ಪುವುದಿಲ್ಲ. ತಂದೆತಾಯಿಯ ಒಪ್ಪಿಗೆ ಬೇರೆ, ಮಗುವಿನ ಸಮ್ಮತಿ ಬೇರೆ. ಸಂದರ್ಶನದ ವೇಳೆ ತಂದೆತಾಯಿ ಇನ್ನೊಂದು ಕೋಣೆಯಲ್ಲಿರಬೇಕು. "ಯಾರಿಗೂ ಹೇಳುವುದಿಲ್ಲ" ಎಂದು ಮಗುವಿಗೆ ಮಾತು ಕೊಡಲೇಬಾರದು; ಜೀವಕ್ಕೆ ಅಪಾಯವಿದ್ದರೆ ಯಾರಿಗೆ, ಎಷ್ಟು ಹೊತ್ತಿನೊಳಗೆ ತಿಳಿಸುತ್ತೇವೆ ಎಂಬುದನ್ನು ಮೊದಲ ಪ್ರಶ್ನೆಗೂ ಮುಂಚೆ ಹೇಳಬೇಕು.

ಹದಿಹರೆಯದ ಮೇಲೆ ಪಿಎಚ್‌ಡಿ ಮಾಡುವವರು ಕೆಲವು ವಾರವಾದರೂ ವೃದ್ಧರ ಚಿಕಿತ್ಸಾ ಘಟಕದಲ್ಲಿ, ನವಜಾತ ಶಿಶುಗಳ ವಿಭಾಗದಲ್ಲಿ ಕೂರಬೇಕು. ಗರ್ಭಿಣಿಯ ಕುಡಿತದಿಂದ ಮಗುವಿಗಾಗುವ ತೊಂದರೆಯನ್ನು ಹೆಸರಿಟ್ಟು ವಿವರಿಸಿದ್ದೇ 1973ರಲ್ಲಿ. ಆ ಮಕ್ಕಳು ಬೆಳೆದು ಇನ್ನೊಬ್ಬ ಸಂಶೋಧಕರ ಹದಿಹರೆಯದ ಡೇಟಾದಲ್ಲಿ ಸಿಗುತ್ತಾರೆ, ಆದರೆ ಅಲ್ಲಿ ಗರ್ಭಕಾಲದ ಬಗ್ಗೆ ಒಂದೂ ಪ್ರಶ್ನೆ ಇರುವುದಿಲ್ಲ.