ತೀರಿಕೊಂಡ ಅಪ್ಪನ ರಿಟರ್ನ್ಸ್ ಅಪ್ಪನ ಓಟಿಪಿಯಲ್ಲಿ ಹಾಕಬೇಡಿ

ಅಪ್ಪನೋ ಅಮ್ಮನೋ ತೀರಿಕೊಂಡ ಮೇಲೆ ಅವರ ಇನ್‌ಕಮ್ ಟ್ಯಾಕ್ಸ್ ರಿಟರ್ನ್ಸ್ ಹಾಕಬೇಕಾ ಅಂತ ಕೇಳಿ ನೋಡಿ. ಕೆಲವರು "ಹೋದವರಿಗೆ ಎಂಥ ಟ್ಯಾಕ್ಸ್, ಬಿಡಿ" ಅನ್ನುತ್ತಾರೆ. ಇನ್ನು ಕೆಲವರು "ಅವರ ಸಿಮ್ ಇನ್ನೂ ಇದೆಯಲ್ಲ, ಓಟಿಪಿ ಬರುತ್ತೆ, ಅವರ ಲಾಗಿನ್‌ನಲ್ಲೇ ಹಾಕಿಬಿಡಿ" ಅನ್ನುತ್ತಾರೆ. ಎರಡೂ ತಪ್ಪು. ಎರಡನೆಯದು ಇನ್ನೂ ದೊಡ್ಡ ತಪ್ಪು ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ.

ನನ್ನ ಅಪ್ಪ ನಿವೃತ್ತ ಹೈಸ್ಕೂಲ್ ಮೇಷ್ಟ್ರು. 2024ರ ಜೂನ್‌ನಲ್ಲಿ ಹೋದರು. ಪಿಂಚಣಿ, ಜೊತೆಗೆ ಬ್ಯಾಂಕಿನಲ್ಲಿ ಒಂದಷ್ಟು ಎಫ್‌ಡಿ. ಇಷ್ಟೇ ಅವರ ಆದಾಯ. ತಿಥಿ ಮುಗಿಸಿ ಎಲ್ಲರೂ ಊಟಕ್ಕೆ ಕೂತಿದ್ದಾಗ ಚಿಕ್ಕಪ್ಪ, "ನೋಡಮ್ಮಾ, ಅಣ್ಣನ ಫೋನ್ ನಿನ್ನ ಹತ್ರಾನೇ ಇದೆ. ಯಾರು ಕೇಳ್ತಾರೆ? ಸುಮ್ನೆ ಹಾಕಿಬಿಡು" ಅಂದರು. ಅವರು ಹೇಳಿದ್ದು ಪ್ರೀತಿಯಿಂದಲೇ. ನನಗೆ ಓಡಾಟ ತಪ್ಪಲಿ ಅಂತ.

ಆದರೆ ರಿಟರ್ನ್ಸ್ ಕೊನೆಯಲ್ಲಿ ವೆರಿಫೈ ಮಾಡುವುದು ಅಂದರೆ "ಇದರಲ್ಲಿರುವುದೆಲ್ಲ ನಿಜ" ಅಂತ ಆ ವ್ಯಕ್ತಿಯೇ ಬರೆದುಕೊಡುವುದು. ಜೂನ್‌ನಲ್ಲಿ ಹೋದವರು ಜುಲೈನಲ್ಲಿ ಹಾಗೆ ಬರೆದುಕೊಡುವುದು ಹೇಗೆ? ಅಪ್ಪ ಮಕ್ಕಳ ಅಂಕಪಟ್ಟಿಗೂ ಎರಡು ಸಲ ಓದಿಯೇ ಸಹಿ ಹಾಕುತ್ತಿದ್ದವರು. ಅವರು ಇಲ್ಲದಾಗ ಅವರ ಹೆಸರಲ್ಲಿ ಸುಳ್ಳು ಸಹಿ ಹಾಕಲು ನನಗೆ ಮನಸ್ಸು ಬರಲಿಲ್ಲ. ವ್ಯವಹಾರದ ಲೆಕ್ಕದಲ್ಲೂ ಅದು ನಷ್ಟವೇ. ಮುಂದೆ ನೋಟಿಸ್ ಬಂದರೆ ಯಾರ ಹೆಸರಲ್ಲಿ ಉತ್ತರ ಕೊಡುತ್ತೀರಿ? ರೀಫಂಡ್ ಅವರ ಖಾತೆಗೆ ಬರುವ ಹೊತ್ತಿಗೆ ಬ್ಯಾಂಕಿನವರು ಆ ಖಾತೆ ಮುಚ್ಚಿರುತ್ತಾರೆ. ಆಮೇಲೆ ಆ ದುಡ್ಡು ಬಿಡಿಸಿಕೊಳ್ಳಲು ಇನ್ನೊಂದು ಸುತ್ತು.

ಸರಿಯಾದ ದಾರಿ ಅಷ್ಟೇನೂ ಕಷ್ಟದ್ದಲ್ಲ. ಇಲಾಖೆಯ ಇ-ಫೈಲಿಂಗ್ ವೆಬ್‌ಸೈಟಿಗೆ ನಿಮ್ಮ ಪ್ಯಾನ್‌ನಿಂದಲೇ ಲಾಗಿನ್ ಆಗಿ, ತೀರಿಕೊಂಡವರ ವಾರಸುದಾರ ಅಂತ ನೋಂದಾಯಿಸಿಕೊಳ್ಳಬೇಕು. ಅವರ ಪ್ಯಾನ್, ಡೆತ್ ಸರ್ಟಿಫಿಕೇಟ್, ನೀವು ವಾರಸುದಾರರು ಅನ್ನುವುದಕ್ಕೆ ಒಂದು ದಾಖಲೆ ಬೇಕು. ನಮ್ಮಲ್ಲಿ ಹಲವರು ಸಿಕ್ಕಿಬೀಳುವುದು ಈ ಕೊನೆಯದರಲ್ಲಿ. ಕೋರ್ಟಿಗೇ ಹೋಗಬೇಕೇನೋ ಅಂತ ಹೆದರುತ್ತಾರೆ. ಬೇಕಾಗಿಲ್ಲ. ಬದುಕಿರುವ ಕುಟುಂಬ ಸದಸ್ಯರ ಪ್ರಮಾಣಪತ್ರ ನಾಡಕಚೇರಿಯಲ್ಲಿ ಸಿಗುತ್ತದೆ, ಅದು ನಡೆಯುತ್ತದೆ. ನೋಂದಾಯಿತ ವಿಲ್ ಇದ್ದರೆ ಅದೂ ಆಗುತ್ತದೆ. ಇಲಾಖೆ ಒಪ್ಪಿದ ಮೇಲೆ ನಿಮ್ಮ ಲಾಗಿನ್ ಒಳಗಿಂದಲೇ ಅವರ ಖಾತೆಗೆ ಹೋಗಿ ರಿಟರ್ನ್ಸ್ ಹಾಕಬಹುದು. ಸಹಿ ನಿಮ್ಮದು, ವಾರಸುದಾರರಾಗಿ.

ಜನ ಎಡವುವ ಇನ್ನೊಂದು ಜಾಗ ವರ್ಷದ ಲೆಕ್ಕ. ಜೂನ್‌ನಲ್ಲಿ ತೀರಿಕೊಂಡವರಿಗೆ ಎರಡು ರಿಟರ್ನ್ಸ್ ಬರಬಹುದು. 2023ರ ಏಪ್ರಿಲ್‌ನಿಂದ 2024ರ ಮಾರ್ಚ್‌ವರೆಗಿನದು ಒಂದು. ಅದಕ್ಕೆ ಜುಲೈ 31 ಕೊನೆ ದಿನ. ದುಃಖದಲ್ಲಿರುವ ಮನೆಗೆ ಅದು ಎಷ್ಟು ಬೇಗ ಬಂದುಬಿಡುತ್ತದೆ ಅಂತ ಅನುಭವಿಸಿದವರಿಗೇ ಗೊತ್ತು. ಇನ್ನೊಂದು, 2024ರ ಏಪ್ರಿಲ್‌ನಿಂದ ಅವರು ಹೋದ ದಿನದವರೆಗಿನದು. ಅದನ್ನು ಹಾಕುವುದು ಮುಂದಿನ ವರ್ಷ. ಕೆಲವೇ ತಿಂಗಳ ಆದಾಯ ಆದರೂ ತೆರಿಗೆ ವಿನಾಯಿತಿಯ ಮಿತಿ ಇಡೀ ವರ್ಷದ್ದೇ ಸಿಗುತ್ತದೆ. ಹಾಗಾಗಿ ಪಿಂಚಣಿದಾರರ ವಿಷಯದಲ್ಲಿ ಎಷ್ಟೋ ಸಲ ಕಟ್ಟಬೇಕಾದ ತೆರಿಗೆ ಏನೂ ಇರುವುದಿಲ್ಲ. ಬದಲಿಗೆ ಎಫ್‌ಡಿ ಬಡ್ಡಿಯಲ್ಲಿ ಬ್ಯಾಂಕ್ ಮೊದಲೇ ಹಿಡಿದುಕೊಂಡ ತೆರಿಗೆ, ಅಂದರೆ ಟಿಡಿಎಸ್, ವಾಪಸ್ ಬರಬೇಕಿರುತ್ತದೆ. ರಿಟರ್ನ್ಸ್ ಹಾಕದೆ ಅದು ಬರುವುದಿಲ್ಲ. ಅಮ್ಮನ ಔಷಧಿಗೆ ಆಗುವ ದುಡ್ಡದು. ಯಾಕೆ ಬಿಡಬೇಕು?

ಹೋದ ದಿನದ ನಂತರದ ಬಡ್ಡಿ ಅಪ್ಪನದಲ್ಲ, ಎಫ್‌ಡಿ ಯಾರಿಗೆ ಸೇರಿತೋ ಅವರದು. ಬ್ಯಾಂಕಿಗೆ ತಿಳಿಸುವುದು ತಡವಾದರೆ ಎಲ್ಲವೂ ಅಪ್ಪನ ಪ್ಯಾನ್‌ನಲ್ಲೇ ಕಾಣುತ್ತಿರುತ್ತದೆ. ಬ್ಯಾಂಕಿನಿಂದ ದಿನಾಂಕವಾರು ಬಡ್ಡಿ ವಿವರ ಬರೆಸಿಕೊಳ್ಳಿ. ಅಮ್ಮನಿಗೆ ಬರುವ ಕುಟುಂಬ ಪಿಂಚಣಿಯೂ ಅಮ್ಮನ ಆದಾಯವೇ.

ಹೆದರುವವರಿಗೆ ಒಂದು ಮಾತು. ವಾರಸುದಾರ ಅಂತ ಹೆಸರು ಕೊಟ್ಟರೆ ಅಪ್ಪನ ಹಳೇ ಬಾಕಿಗೆಲ್ಲ ನಮ್ಮ ಸಂಬಳ, ನಮ್ಮ ಮನೆ ಹೋಗುತ್ತದೆ ಅನ್ನುವ ಮಾತಿದೆ. ಹಾಗಲ್ಲ. ಅಪ್ಪ ಹೋದಾಗ ಜಾರಿಯಲ್ಲಿದ್ದ 1961ರ ಆದಾಯ ತೆರಿಗೆ ಕಾಯ್ದೆಯ 159ನೇ ಸೆಕ್ಷನ್ ಪ್ರಕಾರ, ಅವರು ಬಿಟ್ಟುಹೋದ ಆಸ್ತಿ ಎಷ್ಟಿದೆಯೋ ಅಷ್ಟಕ್ಕೆ ಮಾತ್ರ ವಾರಸುದಾರನ ಹೊಣೆ.

ಅಣ್ಣ, ತಂಗಿ ಇದ್ದರೆ ಮೊದಲೇ ಹೇಳಿ. ನೋಂದಣಿ ಒಬ್ಬರ ಹೆಸರಲ್ಲಿ ಆಗುತ್ತದೆ, ರೀಫಂಡ್ ಮಾತ್ರ ಎಲ್ಲ ವಾರಸುದಾರರಿಗೂ ಸೇರಿದ್ದು. ಹೇಳದೆ ಮಾಡಿದರೆ ಸಣ್ಣ ದುಡ್ಡಿಗೂ ಮನಸ್ಸು ಮುರಿಯುತ್ತದೆ.

ಸರ್ಕಾರದವರಿಗೂ ನನ್ನದೊಂದು ಕೇಳಿಕೆ ಇದೆ. ಸಾವಿನ ನೋಂದಣಿ ಆನ್‌ಲೈನ್ ಆಗಿದೆ. ನಾವು ಹಾಕುವ ರಿಟರ್ನ್ಸ್ ಪ್ರೊಸೆಸ್ ಆಗುವುದೂ ಇಲ್ಲೇ, ಬೆಂಗಳೂರಿನಲ್ಲಿರುವ ಇಲಾಖೆಯ ಕೇಂದ್ರ ಸಿಪಿಸಿಯಲ್ಲಿ. ಆದರೂ ಒಂದೇ ಸಾವನ್ನು ಒಂದು ಮನೆಯವರು ಒಂದೊಂದು ಕಚೇರಿಗೂ ಹೋಗಿ ಮತ್ತೆ ಮತ್ತೆ ಹೇಳಬೇಕು. ಡೆತ್ ಸರ್ಟಿಫಿಕೇಟ್ ಕೊಡುವಾಗಲೇ ಒಂದು ಹಾಳೆ ಕನ್ನಡದಲ್ಲಿ ಅಚ್ಚು ಹಾಕಿ ಕೊಡಲಿ. ಬ್ಯಾಂಕು, ಪಿಂಚಣಿ, ಇನ್‌ಕಮ್ ಟ್ಯಾಕ್ಸ್, ಯಾವುದಕ್ಕೆ ಯಾವ ಕಾಗದ, ಯಾವ ಕೊನೆ ದಿನ ಅಂತ. ಆಡಿಟರ್ ಹತ್ತಿರ ಹೋಗಲು ಕೈಯಲ್ಲಿ ದುಡ್ಡಿಲ್ಲದ ಮನೆಗಳಿಗೆ ಅದು ತುಂಬಾ ದೊಡ್ಡ ಸಹಾಯ.

ಇನ್ನೊಂದು ವಿಷಯ. ಅಪ್ಪನ ಪ್ಯಾನ್ ವಾಪಸ್ ಕೊಡಲು ಅವಸರ ಮಾಡಬೇಡಿ. ಎರಡೂ ರಿಟರ್ನ್ಸ್ ಪ್ರೊಸೆಸ್ ಆಗಿ, ರೀಫಂಡ್ ಕೈಗೆ ಬಂದು, ಎಫ್‌ಡಿಗಳೆಲ್ಲ ವರ್ಗಾವಣೆಯಾದ ಮೇಲೆ ಕೊಡಿ. ನಿಮ್ಮಲ್ಲಿ ಯಾರಾದರೂ ಈಗ ಇದೇ ಓಡಾಟದಲ್ಲಿದ್ದರೆ ಇಲ್ಲೇ ಕೇಳಿ, ನನಗೆ ತಿಳಿದಷ್ಟು ಹೇಳುತ್ತೇನೆ.