ಮುಷ್ಟಿಯೊಳಗೆ ಒಂದು ಲಕ್ಷ ಲುಮೆನ್

ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟು ನಡುರಾತ್ರಿ ಬರುವ ಊರುಗಳಲ್ಲಿ ಟಾರ್ಚಿನ ವ್ಯಾಪಾರಕ್ಕೆ ಎಂದೂ ಬರಗಾಲವಿಲ್ಲ. ಹಾವು ಹುಳದ ಭಯಕ್ಕೆ ನಾನೂ 399 ರೂಪಾಯಿ ಕೊಟ್ಟು ಆನ್‌ಲೈನಿನಲ್ಲಿ ಒಂದನ್ನು ತರಿಸಿದೆ. ಡಬ್ಬಿಯ ಮೇಲೆ 1,00,000 ಲುಮೆನ್, 9900 ಎಂಎಎಚ್, 8 ಗಂಟೆ ಎಂಬ ಮೂರು ಘೋಷಣೆಗಳಿದ್ದವು. ಲುಮೆನ್ ಬೆಳಕಿನ ಅಳತೆ, ಎಂಎಎಚ್ ಶೆಲ್ಲಿನಲ್ಲಿ ಹಿಡಿಸುವ ಕರೆಂಟಿನ ಅಳತೆ. ಹಳೆಯ 60 ವ್ಯಾಟಿನ ಬಲ್ಬು ಕೊಡುತ್ತಿದ್ದುದು ಸುಮಾರು 700 ಲುಮೆನ್. ಅಂದರೆ ಅಂಥ ನೂರನಲವತ್ತು ಬಲ್ಬುಗಳ ಜಾತ್ರೆಯೇ ನನ್ನ ಮುಷ್ಟಿಗೆ ಬಂದು ಸೇರಿತ್ತು.

ಒಂದು ವ್ಯಾಟಿಗೆ ಧಾರಾಳವಾಗಿ 150 ಲುಮೆನ್ ಎಂದು ಹಿಡಿದರೂ ಈ ಟಾರ್ಚಿಗೆ ಸುಮಾರು 667 ವ್ಯಾಟ್, ಅಂದರೆ ಹೆಚ್ಚುಕಡಿಮೆ ಅಡುಗೆಮನೆಯ ಮಿಕ್ಸಿಯಷ್ಟು ಕರೆಂಟು ಬೇಕು. ರಾತ್ರಿಗೆ 8 ಗಂಟೆಯಂತೆ ಉರಿಸಿದರೆ ತಿಂಗಳಿಗೆ 160 ಯೂನಿಟ್. ಗೃಹಜ್ಯೋತಿಯ 200 ಯೂನಿಟ್ಟಿನಲ್ಲಿ ಫ್ಯಾನು, ಫ್ರಿಜ್ಜು, ಟೀವಿಗಳು ಉಳಿದ 40ರಲ್ಲೇ ಸಂಸಾರ ತೂಗಿಸಿಕೊಳ್ಳಬೇಕು. ಡಬ್ಬಿಯ ಮೇಲಿನ 9900 ಎಂಎಎಚ್ ನಿಜವೇ ಆಗಿದ್ದರೂ ಅಷ್ಟು ಬೆಳಕು ಮೂರೂಕಾಲು ನಿಮಿಷಕ್ಕೆ ಮುಗಿಯುತ್ತದೆ ಎಂಬುದನ್ನು ಡಬ್ಬಿ ಬರೆದವರಿಗೆ ಯಾರೂ ಹೇಳಿದಂತಿಲ್ಲ.

ಒಳಗಿದ್ದ ಶೆಲ್ಲು 18650 ಮಾದರಿಯದು: 18 ಮಿ.ಮೀ. ದಪ್ಪ, 65 ಮಿ.ಮೀ. ಉದ್ದ. ಈ ಅಳತೆಯ ಒಳ್ಳೆಯ ಶೆಲ್ಲು 45 ಗ್ರಾಂನ ಮೇಲೆ ತೂಗುತ್ತದೆ. ಅದರಲ್ಲಿ ಹಿಡಿಸುವುದು 3500 ಎಂಎಎಚ್‌ನ ಆಸುಪಾಸು. ಅಕ್ಕಸಾಲಿಗ ಮಿತ್ರರ ತಕ್ಕಡಿಯಲ್ಲಿ ನನ್ನದು 31 ಗ್ರಾಂ ತೂಗಿತು. "ಹಗುರ ಇದೆ ಸಾರ್, ಹೊಟ್ಟೆ ಟೊಳ್ಳು" ಎಂದು ಅವರು ಚಿನ್ನದ ವಿಷಯದಲ್ಲಿ ಎಂದೂ ತೋರದ ಪ್ರಾಮಾಣಿಕತೆಯಿಂದ ನುಡಿದರು.

ಆ ರಾತ್ರಿ ಕೋಣೆಯ ಕಿಟಕಿಗಳಿಗೆ ಕಂಬಳಿ ಕಟ್ಟಿ, ಟಾರ್ಚನ್ನು ಸೂರಿನತ್ತ ನಿಲ್ಲಿಸಿ, ಕರೆಂಟು ಅಳೆಯುವ ಮಲ್ಟಿಮೀಟರ್ ಜೋಡಿಸಿ, ಪಕ್ಕದಲ್ಲಿ ಬೆಳಕು ಅಳೆಯುವ ಲಕ್ಸ್ ಮೀಟರ್ ಇಟ್ಟು, ಐದೈದು ನಿಮಿಷಕ್ಕೊಮ್ಮೆ ಬರೆದುಕೊಳ್ಳುತ್ತಾ ಕುಳಿತೆ. ಎಳೆಯುತ್ತಿದ್ದ ಕರೆಂಟು ಸರಾಸರಿ 1.2 ಆಂಪಿಯರ್, ಅದರಿಂದ ಬೆಳಕನ್ನು ಎಷ್ಟು ಉದಾರವಾಗಿ ಲೆಕ್ಕ ಹಾಕಿದರೂ 700 ಲುಮೆನ್ ದಾಟಲಿಲ್ಲ. ನೂರನಲವತ್ತು ಬಲ್ಬುಗಳ ಜಾತ್ರೆಯಲ್ಲಿ ಉಳಿದದ್ದು ಒಂದೇ ಬಲ್ಬು. ಅದೂ ಐವತ್ತನೆಯ ನಿಮಿಷಕ್ಕೆ ಕಣ್ಣು ಮುಚ್ಚಿತು. ಅಂದರೆ ಶೆಲ್ಲಿನಲ್ಲಿ ಇದ್ದದ್ದು 1000 ಎಂಎಎಚ್; ಮಿಕ್ಕ 8900 ಮುದ್ರಣಾಲಯದಲ್ಲೇ ಉಳಿದಿರಬೇಕು.

ಮರ್ಯಾದಸ್ಥ ತಯಾರಕರು ಪಾಲಿಸುವ ಅಮೆರಿಕದ ಎಫ್‌ಎಲ್ 1 ಮಾನದಂಡವೂ ಸ್ವಲ್ಪ ಉದಾರಿಯೇ: ಬೆಳಕು ಆರಂಭದ ಹತ್ತರಲ್ಲೊಂದು ಪಾಲಿಗೆ ಇಳಿಯುವವರೆಗೂ ಟಾರ್ಚು ಉರಿಯುತ್ತಿದೆ ಎಂದೇ ಅದರ ಲೆಕ್ಕ. ನನ್ನ ಟಾರ್ಚು ಆ ಔದಾರ್ಯವನ್ನೂ ಬಳಸಿಕೊಳ್ಳಲಿಲ್ಲ. ಅಕ್ಕಿಯ ಮೂಟೆಯಲ್ಲಿ ಕಾಲು ಕಿಲೋ ಕಡಿಮೆಯಾದರೆ ಬೀದಿಗಿಳಿಯುವ ನಾವು ಬೆಳಕಿನಲ್ಲಿ ತೊಂಬತ್ತೊಂಬತ್ತು ಸಾವಿರ ಕಡಿಮೆಯಾದರೆ "ಪರವಾಗಿಲ್ಲ, ಚೆನ್ನಾಗಿ ಕಾಣುತ್ತದೆ" ಎಂದು ಐದು ನಕ್ಷತ್ರ ಕೊಡುತ್ತೇವೆ.

ಮಾರಿದವರಿಗೆ ಅಂಕಿ ಅಂಶಗಳ ಸಮೇತ ದೂರು ಬರೆದೆ. ಅವರು ವಿಷಾದ ವ್ಯಕ್ತಪಡಿಸಿ, ವಾರದೊಳಗೆ ಸುಧಾರಿತ ಮಾದರಿಯೊಂದನ್ನು ಉಚಿತವಾಗಿ ಕಳುಹಿಸಿದರು. ಡಬ್ಬಿಯ ಮೇಲೆ ಬೆಳಕು 2,00,000 ಲುಮೆನ್‌ಗೆ ಏರಿತ್ತು. ತಕ್ಕಡಿಯಲ್ಲಿ ಶೆಲ್ಲು 29 ಗ್ರಾಂಗೆ ಇಳಿದಿತ್ತು.